ಕೊಂಡಿಯೋ ಗಂಟೋ

ವಿಬುಧೇಂದ್ರ ಮೀನು ಹಿಡಿಯುತ್ತಾನೆ ಎಂಬ ಸಂಗತಿ ಇಡೀ ರಾಯಚೂರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಸ್ಮತ್. ಮಿಕ್ಕವರ ಪಾಲಿಗೆ ವಿಬುಧೇಂದ್ರ ಎಂದರೆ ಹೈಸ್ಕೂಲಿನ ಗಣಿತದ ಮಾಸ್ತರ, ಮಾನ್ವಿಯ ಮಠದಲ್ಲಿ ಪೂಜೆ ಮಾಡುವ ನರಸಿಂಹಾಚಾರ್ಯರ ಹಿರಿಯ ಮಗ, ಉಳ್ಳಾಗಡ್ಡಿಯ ವಾಸನೆ ಬಂದರೆ ಹೋಟೆಲಿನ ಮೆಟ್ಟಿಲನ್ನೂ ಹತ್ತದ ಮನುಷ್ಯ. ಇಂಥವನು ಭಾನುವಾರ ಬಂತೆಂದರೆ ಸಾಕು, ಹೆಂಡತಿ ವೇದಶ್ರೀಗೆ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಹೊರಬೀಳುತ್ತಿದ್ದ. ಅಸ್ಮತ್‌ನ ಅಂಗಡಿಯ ಅಟ್ಟದಿಂದ ಗಾಳದ ಕೋಲು ಇಳಿಸಿಕೊಂಡು, ಸ್ಕೂಟರಿನಲ್ಲಿ ಗಬ್ಬೂರು ದಾಟಿ, ದೇವದುರ್ಗ ತಾಲೂಕಿನ ಕೃಷ್ಣೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದ. ಹಿಡಿದ ಮೀನನ್ನು ಮನೆಗೆ ತರುವ ಮಾತೇ ಇಲ್ಲ. ಒಂದು ಗಳಿಗೆ ಅದರ ಕಣ್ಣು ನೋಡಿ, ಮೆಲ್ಲಗೆ ಬಾಯಿ ಬಿಡಿಸಿ, ವಾಪಸು ನೀರಿಗೇ ಬಿಡುತ್ತಿದ್ದ. "ಹಿಡಿಯೋದ್ಯಾಕ, ಬಿಡೋದ್ಯಾಕ ಸರ್?" ಎಂದು ಅಸ್ಮತ್ ನಗುತ್ತಿದ್ದ. ದಾರ ಬಿಗಿದು, ನೀರಿನೊಳಗಿಂದ ಯಾವುದೋ ಜೀವ ತನ್ನನ್ನು ಜಗ್ಗಿದಾಗ ಎದೆಯಲ್ಲಿ ಆಗುವುದನ್ನು ಗಣಿತದ ಮಾಸ್ತರ ಯಾವ ಸೂತ್ರದಲ್ಲಿ ಬರೆದು ತೋರಿಸಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಏಳು ವರ್ಷ ಈ ಕಳ್ಳಾಟ ನಡೆದಿತ್ತು.

ಎರೆಹುಳು ಚುಚ್ಚುವ ಗಾಳ ಅವನ ಕೈಲಾಗುವಂಥದ್ದಲ್ಲ. ಅದಕ್ಕೇ ಅಸ್ಮತ್ ಅವನಿಗೆ ಜಿಗ್ ಕಲಿಸಿದ್ದ. ಜಿಗ್ ಎಂದರೆ ಬೆರಳುದ್ದದ ಸೀಸದ ಮೀನು. ಮೈಗೆ ಹೊಳೆಯುವ ಬಣ್ಣ, ಬಾಲದಲ್ಲಿ ಮೂರು ಮೊನೆಯ ಗಾಳ. ಬೀಸಿ ಒಗೆದರೆ ತನ್ನ ಭಾರಕ್ಕೇ ಹೊಳೆಯ ನಡುವಿನವರೆಗೂ ಹಾರುತ್ತದೆ. ಅರ್ಧ ವಿದ್ಯೆ ಇರುವುದು ಅದನ್ನು ದಾರಕ್ಕೆ ಸೇರಿಸುವುದರಲ್ಲಿ. ದಾರವನ್ನು ಜಿಗ್ಗಿನ ಮೂಗಿಗೆ, ಅಂದರೆ ತಲೆಯ ತುದಿಯ ಸಣ್ಣ ಬಳೆಗೆ, ನೇರವಾಗಿ ಗಂಟು ಹಾಕಬಹುದು. ಕಲ್ಲು ಹೆಚ್ಚಿರುವ ಕಡೆ ನಡುವೆ ಒಂದು ಗೇಣು ಸೋಲುವ ದಾರ ಸೇರಿಸುವುದುಂಟು. ಜಿಗ್ ಬಂಡೆಗೆ ಸಿಕ್ಕಿಕೊಂಡರೆ ಅಲ್ಲಿಗೆ ಮಾತ್ರ ಹರಿದು ಉಳಿದ ದಾರ ಕೈಗೆ ಬರುತ್ತದೆ. ಅದೂ ಬೇಡವಾದರೆ ದಾರದ ತುದಿಗೆ ಉಗುರಿನಷ್ಟು ತಂತಿಯ ಕೊಂಡಿ ಕಟ್ಟಿಕೊಂಡು, ಬೇಕಾದಾಗ ಜಿಗ್ ಸಿಕ್ಕಿಸಿ ಸಾಕಾದಾಗ ಬಿಚ್ಚಬಹುದು.

"ಕೊಂಡಿ ಅಂದ್ರ ಬಾಗ್ಲ ಇದ್ದಂಗ ಸರ್, ಯಾವಾಗ ತೆರೀತದೋ ಹೇಳಾಕ ಬರಂಗಿಲ್ಲ. ಗಂಟು ಅಂದ್ರ ಗ್ವಾಡಿ," ಎಂದು ಅಸ್ಮತ್ ನೂರು ಸಲ ಹೇಳಿದ್ದ.

ನೂರು ಸಲವೂ ವಿಬುಧೇಂದ್ರ ಕೊಂಡಿಯನ್ನೇ ಆರಿಸಿಕೊಂಡ. ಯಾರಾದರೂ ಪರಿಚಯದವರು ದಂಡೆಗೆ ಬಂದರೆಂದರೆ ಒಂದು ಚಿಟಿಕೆಯಲ್ಲಿ ಜಿಗ್ ಬಿಚ್ಚಿ ಜೇಬಿಗೆ ಹಾಕಿ, ಕೋಲನ್ನು ಜಾಲಿಯ ಮರೆಗೆ ತಳ್ಳಿ, ಹೊಳೆ ನೋಡಲು ಬಂದ ಸಭ್ಯ ಮಾಸ್ತರನಾಗಬಹುದಿತ್ತು. ಇದು ಅವನು ಒಪ್ಪಿಕೊಳ್ಳುತ್ತಿದ್ದ ಕಾರಣ. ಒಪ್ಪಿಕೊಳ್ಳದ ಕಾರಣ ಇನ್ನೊಂದಿತ್ತು. ಗಂಟನ್ನು ಬಿಗಿಯುವ ಮುಂಚೆ ಬಾಯಲ್ಲಿಟ್ಟು ಒದ್ದೆ ಮಾಡಬೇಕು, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು. ಒಣಗಂಟು ಬಿಗಿಯುವಾಗ ತಿಕ್ಕಾಟದ ಬಿಸಿಗೆ ದಾರ ಅಲ್ಲೇ ಸೋತುಹೋಗುತ್ತದೆ. ಮೀನಿನ ಬಾಯಿಗೆ ಹೋಗಿಬಂದ ದಾರ ನರಸಿಂಹಾಚಾರ್ಯರ ಮಗನ ಬಾಯಿಗೆ! ತಾಯಿ ಜಾನಕಿಬಾಯಿಯಂತೂ ತುಳಸಿಮಾಲೆ ಕಟ್ಟುವಾಗ ದಾರಕ್ಕೆ ಉಸಿರು ತಾಕಿದರೂ ಅದನ್ನು ಬಿಸಾಕಿ ಹೊಸದು ತೆಗೆಯುವಾಕೆ. ಮೀನು ಹಿಡಿದರೂ ಬಾಯಿಗೆ ಮಾತ್ರ ಏನೂ ತಾಕಿಸಿಲ್ಲ ಎಂಬುದು ವಿಬುಧೇಂದ್ರ ತನಗೆ ತಾನೇ ಬರೆದುಕೊಂಡಿದ್ದ ಶುದ್ಧಿಪತ್ರ. ಕೊಂಡಿಯನ್ನು ದಾರಕ್ಕೆ ಕಟ್ಟಿಕೊಟ್ಟವನೂ ಅಸ್ಮತ್‌ನೇ.

ಆಷಾಢ ಮುಗಿಯುತ್ತಿದ್ದ ಆ ಭಾನುವಾರ ವಿಬುಧೇಂದ್ರ ಒಬ್ಬನೇ ಬಂದಿದ್ದ. ಮಧ್ಯಾಹ್ನ ಮೂರರ ಸುಮಾರು. ಹೊಳೆ ಕೆಂಪಗೆ ಕದಡಿತ್ತು. ಮೇಲಿನ ಡ್ಯಾಮಿನಿಂದ ನೀರು ಬಿಡುತ್ತಾರೆಂದು ಹಿಂದಿನ ದಿನವೇ ದಂಡೆಯ ಊರುಗಳಲ್ಲಿ ಡಂಗುರ ಸಾರಿದ್ದರು. ರಾಯಚೂರಿನಿಂದ ಬಂದವನಿಗೆ ಆ ಡಂಗುರ ಎಲ್ಲಿ ಕೇಳಬೇಕು? ಕಾಲ ಕೆಳಗಿನ ಕಲ್ಲೊಂದು ಮುಳುಗಿದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ, ಅಷ್ಟೇ.

ಆಗ ಬಂಡೆಗಳ ಆಚೆಯಿಂದ ಹೆಂಗಸೊಬ್ಬಳ ಕೂಗು ಕೇಳಿತು.

"ಯಾರದೀರಿ ಅಲ್ಲೀ! ಯಾರರೆ ಅದೀರೇನು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಿಬುಧೇಂದ್ರ ಸರಸರನೆ ದಾರ ಸುತ್ತಿಕೊಂಡ. ಜಿಗ್ ಬಿಚ್ಚಿ ಜೇಬಿಗೆ ಹಾಕಿದ, ಕೋಲು ಎತ್ತಿಕೊಂಡು ಜಾಲಿಯ ಹಿಂದೆ ನುಗ್ಗಿ ಕುಕ್ಕರಗಾಲಿನಲ್ಲಿ ಕೂತ. ಕೂಗು ಮತ್ತೆ ಬಂತು, ಮತ್ತೆ ಬಂತು. ಮೂರನೆಯ ಸಲಕ್ಕೆ ಅದರಲ್ಲಿ ಅಳು ಸೇರಿತ್ತು. "ಬರ್ರೀ ಯಪ್ಪಾ, ಮುಳುಗಾಕತ್ತಾನ್ರೀ!" ಆಕೆ ತನ್ನನ್ನು ಹಿಡಿಯಲು ಬಂದವಳಲ್ಲ ಎಂದು ಅವನಿಗೆ ಆಗ ತಿಳಿಯಿತು. ತಿಳಿದರೂ ಏಳಲಿಲ್ಲ. ಎಲೆ ಸರಿಸಿ ನೋಡಿದ.

ದಂಡೆಯ ಮೇಲೆ ನೂರಾರು ಕುರಿಗಳು, ನಡುವೆ ಎದೆ ಬಡಿದುಕೊಳ್ಳುತ್ತಿದ್ದ ಹೆಂಗಸು. ಹೊಳೆಯಲ್ಲಿ, ದಂಡೆಯಿಂದ ಇಪ್ಪತ್ತೈದು ಮಾರು ದೂರದ ಒಂದು ಬೋಳು ಬಂಡೆಯ ಮೇಲೆ, ಎದೆಗೆ ಕಂಬಳಿ ಬಿಗಿದುಕೊಂಡ ಒಬ್ಬ ಗಂಡಸು. ಕೈಯಲ್ಲಿ ಕುರಿಗಾರರ ಕೋಲು. ಸುತ್ತಲೂ ನೀರು ಗುಡುಗುತ್ತಿತ್ತು.

ಕೂಗು ಕೇಳಿ ಹತ್ತಿಯ ಹೊಲದಿಂದ ಐದಾರು ಜನ ಓಡಿಬಂದರು. ಹೆಂಗಸಿನ ಹೆಸರು ಯಂಕಮ್ಮ. ಬಿಕ್ಕುತ್ತಲೇ ಹೇಳಿದಳು: ನಡುಗಡ್ಡೆಯಲ್ಲಿ ಮೇಯುತ್ತಿದ್ದ ಕುರಿಗಳನ್ನೆಲ್ಲ ಬೆಳಿಗ್ಗೆಯೇ ಈಚೆ ದಾಟಿಸಿದ್ದರು. ಹೊಸದಾಗಿ ಈದ ಒಂದು ಕುರಿ ಮಾತ್ರ ಹಿಂದೆ ಉಳಿದಿತ್ತು. ಅದನ್ನು ತರುತ್ತೇನೆಂದು ಗಂಡ ಹೋದ. ಕುರಿಯನ್ನು ಹೊಳೆ ಒಯ್ದಿತು, ಅವನು ಬಂಡೆ ಹಿಡಿದು ಉಳಿದ.

"ಹೆಸರೇನಬೇ ಅವಂದು? ಕೂಗಿ ಧೈರ್ಯ ಹೇಳೂಣು," ಎಂದ ಒಬ್ಬ. ಯಂಕಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಹುಟ್ಟಿದಾಗಿನಿಂದ ಕೇಳಿದವಳು. "ಹಾಲೇಶನ ಅಪ್ಪ," ಎಂದಳು, ಅಷ್ಟೇ.

ಬಂದವರಲ್ಲಿ ಮುಂದಾಳು ಕೊಟ್ರೇಶ ಎಂಬ ಗಟ್ಟಿ ಯುವಕ. ಟ್ರ್ಯಾಕ್ಟರಿನಿಂದ ದಪ್ಪ ಹಗ್ಗ ತಂದ, ತುದಿಗೆ ಕಲ್ಲು ಕಟ್ಟಿ ಬೀಸಿ ಒಗೆದ. ಅರ್ಧ ದಾರಿಗೂ ಹೋಗಲಿಲ್ಲ. ನೈಲಾನ್ ಹುರಿ ತಂದು ಒಗೆದ. ಅದೂ ಅಷ್ಟೇ. ಈಜುತ್ತೇನೆಂದು ಅಂಗಿ ಬಿಚ್ಚಿದವನನ್ನು ನಾಲ್ಕು ಜನ ತೆಕ್ಕೆ ಹಾಕಿ ಹಿಡಿದರು. ಈ ಸೆಳವಿಗೆ ಆನೆಯೂ ನಿಲ್ಲದು, ನಿಂತರೂ ಈ ಹೊಳೆಯಲ್ಲಿ ಮೊಸಳೆ ಇರುವುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಹರಗೋಲು ಆಚೆ ದಡದಲ್ಲಿತ್ತು. ದೇವದುರ್ಗಕ್ಕೆ ಫೋನು ಮಾಡಿದರೆ ಅಗ್ನಿಶಾಮಕದವರು ಬರಲು ಒಂದು ತಾಸಾದರೂ ಬೇಕೆಂದರು.

ಜಾಲಿಯ ಮರೆಯಲ್ಲಿ ವಿಬುಧೇಂದ್ರ ಲೆಕ್ಕ ಹಾಕುತ್ತಿದ್ದ. ಬೇಡವೆಂದರೂ ತಲೆ ತನ್ನ ಕೆಲಸ ಬಿಡುವುದಿಲ್ಲ. ಬಂಡೆಯ ಮೇಲೆ ಹಕ್ಕಿಯ ಹಿಕ್ಕೆಯ ಬಿಳಿ ಗೆರೆಯೊಂದಿತ್ತು. ತಾನು ಜಾಲಿಯ ಹಿಂದೆ ಕೂತಾಗ ನೀರು ಅದಕ್ಕಿಂತ ಗೇಣು ಕೆಳಗಿತ್ತು. ಈಗ ಗೆರೆಯೇ ಕಾಣುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಒಂದು ಗೇಣು. ಬಂಡೆ ಉಳಿದಿರುವುದು ಎರಡು ಗೇಣು. ಆಮೇಲೆ ಪಾದ, ಮೊಳಕಾಲು, ಆಮೇಲೆ ಇಲ್ಲ. ಹೇಗೆ ಕೂಡಿದರೂ, ಹೇಗೆ ಕಳೆದರೂ ಉತ್ತರ ಮುಕ್ಕಾಲು ತಾಸಿನ ಮೇಲೆ ಹೋಗುತ್ತಿರಲಿಲ್ಲ. ಹಗ್ಗ ಮುಟ್ಟದ ದೂರವನ್ನು ಮುಟ್ಟುವ ವಸ್ತು ಆ ದಂಡೆಯಲ್ಲಿ ಒಂದೇ ಒಂದಿತ್ತು. ಅದು ಅವನ ತೊಡೆಯ ಮೇಲಿತ್ತು.

ಎದ್ದರೆ ಎಲ್ಲರೂ ನೋಡುತ್ತಾರೆ. ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದವರು ಆಗಲೇ ಇಬ್ಬರಿದ್ದರು. ಸಂಜೆಯೊಳಗೆ ಅದು ಮಾನ್ವಿಗೆ ಮುಟ್ಟುತ್ತದೆ, ಮಠದ ಜಗಲಿಯಲ್ಲಿ ಅಪ್ಪನ ಮುಂದೆ ಯಾರೋ ಫೋನು ಹಿಡಿಯುತ್ತಾರೆ. ಇಷ್ಟೆಲ್ಲ ಅವನ ಕಣ್ಣಿಗೆ ಕಟ್ಟಿತು. ಬಂಡೆಯ ಮೇಲಿನ ಮನುಷ್ಯ ಆ ಹೊತ್ತಿಗೆ ಒಂದು ಕಾಲೆತ್ತಿ, ನೀರು ಸಿಡಿದ ಪಾದವನ್ನು ಇನ್ನೊಂದು ಕಾಲಿಗೆ ಒರೆಸಿಕೊಂಡ. ತಣ್ಣೀರು ತಾಕಿದರೆ ಯಾರಾದರೂ ಮನೆಯಂಗಳದಲ್ಲಿ ಮಾಡುವಂಥ ಸಾದಾ ಕೆಲಸ. ಅದನ್ನು ನೋಡಿ ವಿಬುಧೇಂದ್ರ ಎದ್ದುಬಿಟ್ಟ.

"ನನ್ನ ಹತ್ರ ಗಾಳದ ಕೋಲದ," ಎಂದ. ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಕೂಗಿಯೇ ಹೇಳಿದ.

ಎಲ್ಲರೂ ತಿರುಗಿದರು. ಕೊಟ್ರೇಶ ಕಣ್ಣು ಕಿರಿದು ಮಾಡಿ ನೋಡಿದ. "ಸರ್, ನೀವು? ಗಬ್ಬೂರು ಸಾಲ್ಯಾಗ ನಮಗ ಲೆಕ್ಕ ಹೇಳ್ತಿದ್ರಲ್ರೀ!"

"ಹೌದಪ್ಪ, ನಾನೇ. ಈ ದಾರ ಅಲ್ಲೀ ಮಟ ಹೋಗ್ತದ. ಅವರ ಕೈಗೆ ಇದು ಸಿಕ್ರ, ಇದಕ್ಕ ಹುರಿ ಕಟ್ಟೋಣು, ಹುರಿಗೆ ಹಗ್ಗ. ಅವರು ಎಳಕೊಳ್ಳಬೇಕು."

ಕೊಟ್ರೇಶ ದಾರವನ್ನು ಬೆರಳಲ್ಲಿ ಹಿಡಿದು ನೋಡಿದ. ಹೂ ಕಟ್ಟುವ ದಾರಕ್ಕಿಂತ ಸಣ್ಣದು. "ಇದರ ಮ್ಯಾಲ ಮನಶ್ಯಾನ ಜೀವ ಇಡಾಕ ಆಗತದೇನ್ರಿ?"

"ಹದಿನೈದು ಕೇಜಿ ತಡೀತದ," ಎಂದ ವಿಬುಧೇಂದ್ರ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಮಾತು ಬಾಯಿಗೆ ಬಂದಿತ್ತು, ಯಂಕಮ್ಮನ ಮುಖ ನೋಡಿ ನುಂಗಿಕೊಂಡ.

ಜೇಬಿನಿಂದ ಜಿಗ್ ತೆಗೆದು ಕೊಂಡಿಗೆ ಸಿಕ್ಕಿಸಿದ. ಏಳು ವರ್ಷದ ರೂಢಿ, ಕೈ ತಾನಾಗಿಯೇ ಅಷ್ಟು ಮಾಡಿತು. ಬಂಡೆಯಿಂದ ಹೊಳೆಯ ಮೇಲುಗಡೆಗೆ, ಅದರ ಆಚೆಗೆ ಗುರಿಯಿಟ್ಟು, ಮೈಯ ಭಾರವನ್ನೆಲ್ಲ ಹಾಕಿ ಬೀಸಿದ. ಕೋಲು ಶಿಳ್ಳೆ ಹೊಡೆಯಿತು. ಜಿಗ್ ಬಿಸಿಲಲ್ಲಿ ಒಮ್ಮೆ ಹೊಳೆದು ಹಾರಿತು. ಹಾರಿ, ಬಂಡೆಯನ್ನೂ ದಾಟಿ ಹೋಯಿತು. ಜನ ಹೋ ಎಂದರು. ಆದರೆ ದಾರ ಅದರ ಹಿಂದೆ ಹೋಗಲಿಲ್ಲ. ಗಾಳಿಯಲ್ಲಿ ಸಡಿಲವಾಗಿ ಅಲೆದಾಡಿ, ದಂಡೆಯ ಹತ್ತಿರವೇ ನೀರಿಗೆ ಬಿತ್ತು. ಸುತ್ತಿ ಎಳೆದು ನೋಡಿದರೆ ತುದಿಯಲ್ಲಿ ಕೊಂಡಿ ಬಾಯಿ ತೆರೆದುಕೊಂಡು ನಗುತ್ತಿತ್ತು.

"ಏನಾತ್ರೀ?" ಯಂಕಮ್ಮ ಕೇಳಿದಳು.

ವಿಬುಧೇಂದ್ರ ಕೊಂಡಿ ಎತ್ತಿ ತೋರಿಸಿದ. ತಾನು ಕದ್ದುಮುಚ್ಚಿ ಬರಲು ಅನುಕೂಲವಾಗಲೆಂದು ಇಟ್ಟುಕೊಂಡ ಕೊಂಡಿ ಇದು. ತನ್ನ ಮಾನ ಉಳಿಸಲು ಅದು ಏಳು ವರ್ಷ ಚೆನ್ನಾಗಿ ಬಿಚ್ಚಿಕೊಂಡಿತ್ತು, ಇವತ್ತೂ ಬಿಚ್ಚಿಕೊಂಡಿತು. ಚೀಲ ಸುರುವಿ ಹುಡುಕಿದ. ಇನ್ನೊಂದೇ ಜಿಗ್ ಇತ್ತು.

"ಇದೊಂದೇ ಉಳದದ," ಎಂದ.

ಆ ಮಾತಿನ ಅರ್ಥ ಎಲ್ಲರಿಗೂ ಆಯಿತು. ವಿಡಿಯೋ ಮಾಡುತ್ತಿದ್ದವನೊಬ್ಬ ಕೈ ಕೆಳಗಿಳಿಸಿದ. ನೀರು ಬಂಡೆಯ ನೆತ್ತಿಯನ್ನು ನೆಕ್ಕತೊಡಗಿತ್ತು. ಕುರಿಗಾರ ಈಗ ಕೋಲೂರಿ ನಿಂತಿದ್ದ.

ವಿಬುಧೇಂದ್ರ ಕೊಂಡಿಯನ್ನು ಕತ್ತರಿಸಿ ಎಸೆದ. ಇನ್ನು ಗಂಟು. ಯಾವ ಗಂಟು? ನಡುವೆ ಸೋಲುವ ದಾರ ಸೇರಿಸಲೇ? ಜಿಗ್ ಬಂಡೆಗೆ ಸಿಕ್ಕಿಕೊಂಡರೆ ದಾರವಾದರೂ ಉಳಿಯುತ್ತದೆ. ಉಳಿದು ಏನು ಮಾಡುವುದು, ಕಟ್ಟಲು ಮತ್ತೊಂದು ಜಿಗ್ ಎಲ್ಲಿದೆ? ಸೋಲುವುದೇನೂ ಇರಬಾರದು. ದಾರವನ್ನು ಜೋಡಿ ಮಾಡಿ ಜಿಗ್ಗಿನ ಮೂಗಿನಲ್ಲಿ ತೂರಿಸಿ, ಸಡಿಲ ಗಂಟು ಹಾಕಿ, ಆ ಕುಣಿಕೆಯೊಳಗಿಂದ ಇಡೀ ಜಿಗ್ಗನ್ನೇ ದಾಟಿಸಿ ಬಿಗಿಯುವ ಗಂಟೊಂದನ್ನು ಅಸ್ಮತ್ ಕಲಿಸಿದ್ದ. "ಇದು ಹರಿಯಂಗಿಲ್ಲ ಸರ್, ಎಳೆದ್ರ ಮೀನರೆ ಬರ್ತದ, ಹೊಳಿಯರೆ ಬರ್ತದ," ಎಂದಿದ್ದ.

ಜಿಗ್ಗಿನ ಮೂಗಿಗೆ ದಾರ ತೂರಿಸಲು ನಾಲ್ಕು ಸಲ ಬೇಕಾಯಿತು. ಗಂಟೇನೋ ಬಿತ್ತು, ಬಿಗಿಯಲು ಹೋದರೆ ಬೆವರಿದ ಬೆರಳಲ್ಲಿ ತುದಿ ನಿಲ್ಲದು. ಹೊಳೆಯ ನೀರಿನಲ್ಲಿ ಅದ್ದಲು ಬಗ್ಗಿದವನು ಅಲ್ಲೇ ತಡೆದ. ನೀರೆಲ್ಲ ಉಸುಕು. ಗಂಟಿನೊಳಗೆ ಒಂದು ಹರಳು ಸೇರಿದರೂ ದಾರವನ್ನು ಕುಯ್ಯುತ್ತದೆ.

"ಬಾಯಾಗ ಹಿಡಕೊಂಡು ಜಗ್ರಿ ಯಪ್ಪಾ," ಎಂದಳು ಯಂಕಮ್ಮ. "ಏನ್ ನೋಡಾಕತ್ತೀರಿ!"

ಏನು ನೋಡುತ್ತಿದ್ದನೋ ಅವಳಿಗೆ ಹೇಗೆ ಗೊತ್ತಾಗಬೇಕು? ದಾರದಿಂದ ಮೀನಿನ ವಾಸನೆ ಬರುತ್ತಿತ್ತು. ವಿಬುಧೇಂದ್ರ ಕಣ್ಣು ಮುಚ್ಚಿ ಗಂಟನ್ನು ಬಾಯೊಳಗೆ ಹಾಕಿಕೊಂಡ, ನಾಲಿಗೆಯಲ್ಲಿ ತಿರುಗಿಸಿ ಎಂಜಲಲ್ಲಿ ನೆನೆಸಿದ, ತುದಿಯನ್ನು ದವಡೆ ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಎಳೆದ. ಸೀಸದ ರುಚಿ, ಉಪ್ಪಿನ ರುಚಿ, ಹಳೆಯ ಮೀನಿನ ನಾತ. ಗಂಟು ಸರ್ರನೆ ಜಾರಿ, ಜಿಗ್ಗಿನ ಮೂಗಿನ ಮೇಲೆ ಕಾಳಿನಷ್ಟು ಗಟ್ಟಿಯಾಗಿ ಕೂತಿತು. ಅವನು ಉಗುಳಲಿಲ್ಲ, ಉಗುಳಲು ಬಾಯಲ್ಲಿ ನೀರೇ ಉಳಿದಿರಲಿಲ್ಲ.

"ಗಾಳ ಮುರದುಬಿಡ್ಲೇನು?" ಎಂದು ಕೇಳಿದ. "ಕಣ್ಣಿಗೆ ಬಡದ್ರ?"

"ಇರ್ಲಿ ಬಿಡ್ರಿ. ಕಂಬಳಿ ಹಿಡೀತದ." ಯಂಕಮ್ಮ ತನ್ನ ಹೆಗಲ ಕಂಬಳಿ ಕಿತ್ತು, ಎರಡೂ ತೋಳು ಚಾಚಿ ಅದನ್ನು ಅಗಲಿಸಿ ಹಿಡಿದು ಗಂಡನ ಕಡೆ ತಿರುಗಿ ನಿಂತಳು. ಕೂಗಿದರೆ ಆ ಮೊರೆತದಲ್ಲಿ ಕೇಳುವಂತಿರಲಿಲ್ಲ. ಬಂಡೆಯ ಮೇಲಿನವನು ಅವಳನ್ನು ನೋಡಿದ. ಆಮೇಲೆ, ಎದೆಯ ಗಂಟು ಬಿಚ್ಚದೆಯೇ, ಕಂಬಳಿಯ ಅಂಚುಗಳನ್ನು ಹಿಡಿದು ತೋಳು ಚಾಚಿದ.

ವಿಬುಧೇಂದ್ರ ಬೀಸಿದ. ಈ ಸಲ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ದಾರ ಕೋಲಿನಿಂದ ಸುಯ್ಯೆಂದು ಓಡುತ್ತಲೇ ಇತ್ತು. ಜಿಗ್ ಕುರಿಗಾರನ ತಲೆಯ ಮೇಲಿಂದ ಹೋಗಿ ಆಚೆ ಬಿತ್ತು, ಸೆಳವು ದಾರವನ್ನು ಮೆಲ್ಲಗೆ ಅವನ ಕಡೆಗೆ ತಂದಿತು. ವಿಬುಧೇಂದ್ರ ಒಂದೊಂದೇ ಸುತ್ತು ಎಳೆದ. ಜಿಗ್ ನೀರಿನಿಂದೆದ್ದು ಬಂಡೆಯಂಚಿಗೆ ಟಕ್ಕೆಂದು ಬಡಿಯಿತು. ಮತ್ತೊಂದು ಸುತ್ತು. ಜಿಗ್ ಕುಪ್ಪಳಿಸಿ ಕಂಬಳಿಯ ಉಣ್ಣೆಗೆ ಕಚ್ಚಿಕೊಂಡಿತು.

"ಹಿಡದ! ಹಿಡದ!" ಎಂದು ಜನ ಕುಣಿದರು. ಕೊಟ್ರೇಶ ಈ ತುದಿಯನ್ನು ಕತ್ತರಿಸಿ ನೈಲಾನ್ ಹುರಿಗೆ ಬಿಗಿದ. ಕುರಿಗಾರ ದಾರ ಹಿಡಿದು ಜಗ್ಗಿದ. ಜಗ್ಗಿದವನೇ ಕೈ ಝಾಡಿಸಿದ. ಆ ಸಣ್ಣ ದಾರ ಅಂಗೈಯನ್ನು ಕುಯ್ದಿತ್ತು. ಮತ್ತೆ ಜಗ್ಗಿದ, ಮತ್ತೆ ಬಿಟ್ಟ. ಈಗ ನೀರು ಅವನ ಹಿಮ್ಮಡಿ ದಾಟಿತ್ತು. ದಾರ ಸಿಕ್ಕಿಯೂ ಮನುಷ್ಯ ಹೋಗುತ್ತಾನೆ ಎಂದುಕೊಂಡ ವಿಬುಧೇಂದ್ರ.

ಯಂಕಮ್ಮ ಮಾತ್ರ ಅಳುವುದನ್ನು ನಿಲ್ಲಿಸಿದ್ದಳು. ಎತ್ತರದ ಕಲ್ಲು ಹತ್ತಿ ನಿಂತು, ಎಡಗೈ ಮೇಲೆತ್ತಿ, ಬಲಗೈಯಲ್ಲಿ ಕುರಿಗೋಲನ್ನು ಗಿರಗಿರನೆ ತಿರುಗಿಸಿ ತೋರಿಸಿದಳು. ಉಣ್ಣೆ ನೂತು ಕದಿರಿಗೆ ಸುತ್ತುವ ಕೈ ಅದು. ಕುರಿಯ ಹಿಂದೆ ನಡೆಯುತ್ತ ದಿನವಿಡೀ ಗಂಡ ಹೆಂಡತಿ ಇಬ್ಬರೂ ಮಾಡುವ ಕೆಲಸ. ಅವನಿಗೆ ತಕ್ಷಣ ತಿಳಿಯಿತು. ತನ್ನ ಕೋಲಿಗೆ ದಾರ ಸಿಕ್ಕಿಸಿ, ನೂಲು ಸುತ್ತುವಂತೆ ಸುತ್ತತೊಡಗಿದ. ಕೈಗೆ ದಾರ ತಾಕಲೇ ಇಲ್ಲ. ಹುರಿಯ ತುದಿ ದಂಡೆ ಬಿಟ್ಟು ನೀರಿನ ಮೇಲೆ ಹೊರಟಿತು. ಐದು ಮಾರು, ಎಂಟು ಮಾರು, ಹನ್ನೆರಡು.

ಆಗ ಒಂದು ದೊಡ್ಡ ತೆರೆ ಬಂತು. ಅವನ ಮೊಳಕಾಲಿಗೆ ಹೊಡೆದು ಬೀಳಿಸಿತು. ಕೋಲು ಕೈಬಿಟ್ಟು ಹೋಯಿತು, ಸುತ್ತಿದ ದಾರವೆಲ್ಲ ಬಿಚ್ಚಿಕೊಳ್ಳುತ್ತ ಅದರ ಹಿಂದೆ ಹೋಯಿತು. ಎರಡೂ ತೋಳಲ್ಲಿ ಬಂಡೆಯನ್ನು ತಬ್ಬಿಕೊಂಡು ಬಿದ್ದ ಅವನಿಗೂ ದಂಡೆಗೂ ನಡುವೆ ಇನ್ನು ಇದ್ದದ್ದು ಕಂಬಳಿಗೆ ಕಚ್ಚಿದ ಜಿಗ್ ಮತ್ತು ಆ ಜಿಗ್ಗಿನ ಮೂಗಿನ ಗಂಟು. ಹುರಿಯ ಭಾರವನ್ನು ಸೆಳವು ಎಳೆಯುತ್ತಿತ್ತು. ದಾರ ಬಿಗಿದು ನೀರಿನಿಂದ ಮೇಲೆದ್ದಿತು, ಕಂಬಳಿ ಅವನ ಮೈಯಿಂದ ಡೇರೆಯಂತೆ ಮುಂದಕ್ಕೆ ಜಗ್ಗಿತು. ವಿಬುಧೇಂದ್ರನಿಗೆ ಹಲ್ಲು ಕಚ್ಚಿದ ದವಡೆ ನೋಯತೊಡಗಿತು. ರಾಯರೇ, ರಾಯರೇ ಎಂಬುದನ್ನು ಬಿಟ್ಟರೆ ಬೇರೆ ಏನೂ ಅವನ ತಲೆಯಲ್ಲಿ ಉಳಿಯಲಿಲ್ಲ. ಬಿಚ್ಚಬೇಡ. ನನ್ನ ಎಂಜಲಾಣೆ ಬಿಚ್ಚಬೇಡ.

"ಹನುಮಂತ್ರಾಯಾ!" ಎಂದು ಯಂಕಮ್ಮ ಕೂಗಿದಳು. ಹೊಳೆಯ ಮೊರೆತವನ್ನೂ ಸೀಳಿಕೊಂಡು ಹೋಗುವ ಕೂಗು. "ಏ ಹನುಮಂತ್ರಾಯಾ, ಏಳೋ! ದಾರ ಹಿಡಿಯೋ!"

ಹದಿನೆಂಟು ವರ್ಷದಲ್ಲಿ ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಕೇಳಿರದ ಮನುಷ್ಯ ತಲೆ ಎತ್ತಿದ. ಮಂಡಿಯೂರಿ ಎದ್ದ. ಕಂಬಳಿಯ ಅಂಚನ್ನೇ ಅಂಗೈಗೆ ಸುತ್ತಿಕೊಂಡು ದಾರ ಹಿಡಿದ, ಮೊಳ ಮೊಳವಾಗಿ ಎಳೆದ. ಗಂಟು ಹಿಡಿದಿತ್ತು. ಹುರಿ ಅವನ ಕೈಗೆ ಬಂತು, ಹುರಿಯ ಹಿಂದೆ ಹಗ್ಗ ಬಂತು. ನಡುವಿಗೆ ಎರಡು ಸುತ್ತು ಬಿಗಿದುಕೊಳ್ಳುವಷ್ಟರಲ್ಲಿ ಬಂಡೆ ಕಾಣುತ್ತಿರಲಿಲ್ಲ. ಮೊಳಕಾಲು ನೀರಿನಲ್ಲಿ ನಿಂತ ಒಬ್ಬ ಮನುಷ್ಯ ಮಾತ್ರ ಕಾಣುತ್ತಿದ್ದ.

"ಜಿಗಿಯೋ!" ಎಂದ ಕೊಟ್ರೇಶ.

ಅವನು ಜಿಗಿದ. ಮುಳುಗಿದ. ಹಗ್ಗ ಹಿಡಿದವರಲ್ಲಿ ವಿಬುಧೇಂದ್ರನೂ ಇದ್ದ, ಎಳೆಯುತ್ತ ಎಣಿಸುತ್ತಿದ್ದ. ಮೂರು, ನಾಲ್ಕು, ಐದು. ಹಗ್ಗದ ತುದಿಯಲ್ಲಿ ಭಾರವಿತ್ತು, ಜೀವವಿದೆಯೋ ಇಲ್ಲವೋ ತಿಳಿಯಲಿಲ್ಲ. ಒಂಬತ್ತು, ಹತ್ತು. ಹನ್ನೆರಡಕ್ಕೆ ಎಣಿಕೆ ತಪ್ಪಿತು. ಯಾವ ಸಂಖ್ಯೆಯ ಮುಂದೆ ಯಾವುದು ಬರುತ್ತದೆ ಎಂಬುದೇ ಗಣಿತದ ಮಾಸ್ತರನಿಗೆ ಮರೆತುಹೋಯಿತು. ಆಗ ಕೆಳಗಡೆಯ ತಿರುವಿನಲ್ಲಿ, ದಂಡೆಗೆ ತೀರ ಹತ್ತಿರ, ಕಪ್ಪು ಕಂಬಳಿಯೊಂದು ಮೇಲೆದ್ದಿತು, ಅದರೊಳಗಿಂದ ಒಂದು ತಲೆ. ಕೆಮ್ಮಿತು.

ಎಳೆದು ಹಾಕಿದಾಗ ಅವನ ತುಟಿ ನೀಲಿಯಾಗಿತ್ತು. ಯಂಕಮ್ಮ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಎದೆ ತಿಕ್ಕಿದಳು. ಯಾರೋ ಬೆಂಕಿ ಮಾಡಿದರು. ಹನುಮಂತ್ರಾಯ ಕಣ್ಣು ತೆರೆದು, ಎದುರಿಗೆ ಕಂಡ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅದು ವಿಬುಧೇಂದ್ರನ ಬಲಗೈ.

"ಬಿಡಬ್ಯಾಡ್ರಿ," ಎಂದ.

"ದಂಡಿಗೆ ಬಂದೀರಿ. ಬಂದೀರಲ್ಲ," ಎಂದ ವಿಬುಧೇಂದ್ರ.

"ಬಿಡಬ್ಯಾಡ್ರಿ."

ಅವನ ಹಿಡಿತಕ್ಕೆ ಮೂಳೆ ನೋಯುತ್ತಿತ್ತು. ವಿಬುಧೇಂದ್ರ ಎಡಗೈಯನ್ನೂ ಅದರ ಮೇಲಿಟ್ಟ. ಅಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆಯಲು ಕೈ ಖಾಲಿ ಇರಲಿಲ್ಲ. ಕೊಟ್ರೇಶ ತಾನೇ ತೆಗೆದು, ಸ್ಪೀಕರ್ ಒತ್ತಿ, ಮಾಸ್ತರರ ಮುಖದ ಹತ್ತಿರ ಹಿಡಿದ.

"ಎಷ್ಟೊತ್ತಾತು, ಎಲ್ಲಿದ್ದೀರಿ?" ವೇದಶ್ರೀಯ ಧ್ವನಿ ದಂಡೆಗೆಲ್ಲ ಕೇಳಿತು. "ಲೈಬ್ರರಿ ಇನ್ನೂ ಮುಗೀಲಿಲ್ಲೇನು?"

ಯಾರೂ ನಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೇಳಲು ಸುಳ್ಳೊಂದು ಎಂದಿನಂತೆ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಲೈಬ್ರರಿಗೆ ಹೋಗಿಲ್ಲ ವೇದಾ," ಎಂದ. "ಹೊಳೀ ದಂಡ್ಯಾಗ ಇದ್ದೀನಿ. ಮೀನು ಹಿಡೀಲಿಕ್ಕೆ ಬಂದಿದ್ದೆ. ಏಳು ವರ್ಷದಿಂದ ಬರ್ಲಿಕ್ಕತ್ತೀನಿ."

ವೇದಶ್ರೀ ಕೇಳಿದಳು. "ನಿಮ್ಮ ದನಿ ಯಾಕ ಹಿಂಗ ನಡಗ್ಲಿಕ್ಕತ್ತದ?"

"ಇಲ್ಲೊಬ್ರು ನೀರಾಗ ಸಿಕ್ಕೊಂಡಿದ್ರು. ಅವರ ಮನೀಯವರು ಕೂಗಿದ್ರು. ನಾ ಅಡಗಿ ಕೂತೆ. ನನ್ನ ಹತ್ರ ದಾರ ಇತ್ತು ವೇದಾ, ನಾ ಕೂತೇ ಇದ್ದೆ. ನೀರು ಏರೋದು ನೋಡ್ಕೋತ ಕೂತಿದ್ದೆ." ಇನ್ನು ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತ. "ಭಾಳ ಹೆದರೀನಿ. ಭಾಳ ಹೆದರೀನಿ."

ಗಂಡನ ಎದೆ ತಿಕ್ಕುತ್ತಿದ್ದ ಯಂಕಮ್ಮನ ಕೈ ನಿಂತಿತು. ಅವಳು ತಲೆಯೆತ್ತಿ ಮಾಸ್ತರರ ಮುಖ ನೋಡಿದಳು. ಕೊಟ್ರೇಶ ಫೋನು ಹಿಡಿದು ಕಲ್ಲಿನಂತೆ ನಿಂತಿದ್ದ.

"ಒಬ್ರೇ ಇದ್ದೀರೇನು?" ವೇದಶ್ರೀಯ ಧ್ವನಿಯಲ್ಲೂ ಗಾಬರಿ ಬಂದಿತ್ತು. "ನಿಮ್ಮ ಹತ್ರ ಯಾರರೆ ಅದಾರೋ ಇಲ್ಲೋ? ಮಾತಾಡ್ರಿ!"

ವಿಬುಧೇಂದ್ರ ಅಳುತ್ತಲೇ ಇದ್ದ. ಹಿಡಿದ ಕೈಯನ್ನು ಬಿಡದೆ, ಹೆಂಡತಿಯ ಮಡಿಲಿನಿಂದ ಹನುಮಂತ್ರಾಯ ತಲೆಯನ್ನು ಸ್ವಲ್ಪ ಎತ್ತಿ ಫೋನಿನ ಕಡೆ ತಿರುಗಿದ. ಹಲ್ಲು ಕಟಕಟ ಎನ್ನುತ್ತಿದ್ದವು.

"ನಾ ಅದೀನ್ರೀ ಯವ್ವಾ," ಎಂದ. "ನಾ ಇಲ್ಲೇ ಅದೀನಿ."